ಮಂಡಿ ಬದಲಾವಣೆಯ ನಂತರ: ಮನೆಯವರ ಹೊಣೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣ ಸಂಘದ ಸಭೆಯಲ್ಲಿ ಮಂಡಿ ನೋವಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಕಾರಣ ಹೇಳುತ್ತೇನೆ. ನಾನು ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ಈ ನಾಲ್ಕೂ ಊರುಗಳಲ್ಲಿ ಪಾಠ ಮಾಡಿದವಳು. ಮೂವತ್ತಕ್ಕೂ ಹೆಚ್ಚು ವರ್ಷ ಕಪ್ಪುಹಲಗೆಯ ಮುಂದೆ ನಿಂತೇ ಕಳೆದೆ. ನಿವೃತ್ತಿಯ ನಂತರ 2022ರಲ್ಲಿ ಎಡ ಮಂಡಿಗೂ, 2023ರಲ್ಲಿ ಬಲ ಮಂಡಿಗೂ ಶಸ್ತ್ರಚಿಕಿತ್ಸೆ ಆಯಿತು. ಅಂದಿನಿಂದ ಮಂಡಿ ನೋವಿರುವ ಹೆಣ್ಣುಮಕ್ಕಳು ನಾಲ್ಕೂ ಊರುಗಳಿಂದ ನಮ್ಮ ಮನೆಗೆ ಬರುತ್ತಾರೆ, ಫೋನ್ ಮಾಡುತ್ತಾರೆ. ಅವರಲ್ಲಿ ಹಲವರ ಕೈಯಲ್ಲಿ ಆಸ್ಪತ್ರೆಯವರು ಕೊಟ್ಟ ಇಂಗ್ಲಿಷ್ ಹಾಳೆಗಳಿರುತ್ತವೆ. "ಇದರಲ್ಲಿ ಏನು ಬರೆದಿದೆ ಟೀಚರ್?" ಎಂದು ಕೇಳುತ್ತಾರೆ. ಅದೇ ಮನೆಯಲ್ಲಿ ಪಿಯುಸಿ ಓದುವ ಮೊಮ್ಮಗಳಿರುತ್ತಾಳೆ, ಡಿಗ್ರಿ ಓದುವ ಮೊಮ್ಮಗನಿರುತ್ತಾನೆ. ಆ ಹಾಳೆಯನ್ನು ದಾದಿಯ ಪಕ್ಕ ಕುಳಿತು ಓದಿ ಹೇಳಿದವರು ಮಾತ್ರ ಯಾರೂ ಇರುವುದಿಲ್ಲ.

ಆದ್ದರಿಂದ ಇಂದು ನಾನು ಹೇಳಬೇಕಾದದ್ದು ಒಂದೇ ಮಾತು. ಮಂಡಿ ಬದಲಾವಣೆಯಲ್ಲಿ ಶಸ್ತ್ರವೈದ್ಯರ ಕೆಲಸ ಒಂದೆರಡು ಗಂಟೆಯದು. ಉಳಿದ ಮೂರು ತಿಂಗಳ ಕೆಲಸ ಮನೆಯಲ್ಲಿ ನಡೆಯಬೇಕು. ಆ ಕೆಲಸ ಸರಿಯಾಗಿ ನಡೆಯಲು ಮನೆಯಲ್ಲಿ ಓದು ಬಲ್ಲವರೊಬ್ಬರು ಹೊಣೆ ಹೊತ್ತುಕೊಳ್ಳಬೇಕು.

ಮೊದಲಿಗೆ ಈ ಶಸ್ತ್ರಚಿಕಿತ್ಸೆ ಏನೆಂದು ತಿಳಿಯೋಣ. "ಮಂಡಿ ಕಡಿದು ಕಬ್ಬಿಣದ ಮಂಡಿ ಕೂರಿಸುತ್ತಾರಂತೆ" ಎಂದು ಹೆದರುವವರು ಬಹಳ ಮಂದಿ. ಹಾಗೇನೂ ಇಲ್ಲ. ತೊಡೆಯ ಮೂಳೆ ಮತ್ತು ಕಣಕಾಲಿನ ಮೂಳೆ ಸೇರುವ ಜಾಗದಲ್ಲಿ ನುಣುಪಾದ ಮೃದ್ವಸ್ಥಿಯ ಪದರವಿರುತ್ತದೆ. ಅದು ಸವೆದಾಗ ಮೂಳೆಗೆ ಮೂಳೆ ಉಜ್ಜಿ ನೋವು ಬರುತ್ತದೆ, ಕಾಲು ಬಿಲ್ಲಿನಂತೆ ಬಾಗುತ್ತದೆ. ವೈದ್ಯರು ಎರಡೂ ಮೂಳೆಗಳ ತುದಿಯಿಂದ ಸವೆದ ಭಾಗವನ್ನು ಸುಮಾರು ಒಂದು ಸೆಂಟಿಮೀಟರಿನಷ್ಟು ಮಾತ್ರ ತೆಗೆದು, ಮೇಲಿನ ಮೂಳೆಗೆ ಲೋಹದ ಟೋಪಿ, ಕೆಳಗಿನ ಮೂಳೆಗೆ ಲೋಹದ ತಟ್ಟೆ ಕೂರಿಸುತ್ತಾರೆ. ಅವುಗಳ ನಡುವೆ ಗಟ್ಟಿಯಾದ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಬಿಲ್ಲೆ ಇಡುತ್ತಾರೆ. ಸವೆದ ಹಲ್ಲಿಗೆ ಕ್ಯಾಪ್ ಹಾಕಿದಂತೆ ಎಂದುಕೊಳ್ಳಿ. ನಮ್ಮ ಸ್ನಾಯುಗಳು, ಚರ್ಮ, ನರಗಳು ಎಲ್ಲವೂ ನಮ್ಮವೇ ಆಗಿರುತ್ತವೆ. ಆ ಸ್ನಾಯುಗಳನ್ನು ಮತ್ತೆ ದುಡಿಸುವುದೇ ಚೇತರಿಕೆ.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. 1890ರ ಸುಮಾರಿಗೆ ಜರ್ಮನಿಯ ಬರ್ಲಿನ್‌ನಲ್ಲಿ ಗ್ಲಕ್ ಎಂಬ ವೈದ್ಯರು ಆನೆಯ ದಂತದಿಂದ ಮಾಡಿದ ಮಂಡಿ ಕೀಲನ್ನು ಕೂರಿಸಿ ನೋಡಿದ್ದರು. ಇಂದು ಬಳಸುವ ಮಾದರಿಯ ಮೂಲರೂಪ 1974ರಲ್ಲಿ ನ್ಯೂಯಾರ್ಕಿನಲ್ಲಿ ಬಳಕೆಗೆ ಬಂತು. ಅದನ್ನು ರೂಪಿಸಿದವರಲ್ಲಿ ಭಾರತ ಮೂಲದ ಡಾ. ಚಿತ್ತರಂಜನ್ ರಾಣಾವತ್ ಒಬ್ಬರು. ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರ ಎಡ ಮಂಡಿಗೆ 2000ದ ಅಕ್ಟೋಬರಿನಲ್ಲಿ, ಬಲ ಮಂಡಿಗೆ 2001ರ ಜೂನ್‌ನಲ್ಲಿ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರೂ ಅವರೇ. ನಮ್ಮ ಊರುಗಳಲ್ಲಿ ಬಹಳ ಜನ ಮಂಡಿ ಬದಲಾವಣೆ ಎಂಬ ಮಾತನ್ನು ಮೊದಲು ಕೇಳಿದ್ದೇ ಆ ಸುದ್ದಿಯಿಂದ.

ಆಗ ಅದು ದೊಡ್ಡವರ ಚಿಕಿತ್ಸೆ ಎಂಬ ಭಾವನೆ ಇತ್ತು. ಖರ್ಚಿನ ವಿಷಯದಲ್ಲಿ 2017ರ ಆಗಸ್ಟ್ 16ರಂದು ದೊಡ್ಡ ಬದಲಾವಣೆ ಆಯಿತು. ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಕೃತಕ ಮಂಡಿಗೆ ಗರಿಷ್ಠ ಬೆಲೆ ಗೊತ್ತುಪಡಿಸಿತು. ಅಲ್ಲಿಯವರೆಗೆ ಸರಾಸರಿ 1,58,324 ರೂಪಾಯಿಗೆ ಮಾರಾಟವಾಗುತ್ತಿದ್ದ ಕೋಬಾಲ್ಟ್ ಕ್ರೋಮಿಯಂ ಮಂಡಿಯ ಬೆಲೆಯನ್ನು ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಸಲಾಯಿತು. ಇದು ಲೋಹದ ಮಂಡಿಯ ಬೆಲೆ ಮಾತ್ರ. ಆಸ್ಪತ್ರೆಯ ಖರ್ಚು ಬೇರೆ. ಬಿಲ್ಲಿನಲ್ಲಿ ಮಂಡಿಯ ಬೆಲೆ, ಕಂಪನಿಯ ಹೆಸರು ಬೇರೆಯಾಗಿ ನಮೂದಾಗಿದೆಯೇ ಎಂದು ಓದು ಬಲ್ಲ ಮಕ್ಕಳು ನೋಡಬೇಕು. ಮಂಡಿಯ ಪೆಟ್ಟಿಗೆಯ ಮೇಲಿನ ಸ್ಟಿಕ್ಕರನ್ನು ಡಿಸ್‌ಚಾರ್ಜ್ ಹಾಳೆಯೊಂದಿಗೆ ಜೋಪಾನವಾಗಿ ಇಟ್ಟುಕೊಳ್ಳಬೇಕು. ಮುಂದೆ ಏನಾದರೂ ತೊಂದರೆಯಾದರೆ ಯಾವ ಕಂಪನಿಯ ಯಾವ ಅಳತೆಯ ಮಂಡಿ ಒಳಗಿದೆ ಎಂಬುದು ವೈದ್ಯರಿಗೆ ಅದರಿಂದಲೇ ತಿಳಿಯುತ್ತದೆ.

ಕಾರ್ಡ್ ಇರುವ ಕುಟುಂಬಗಳು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯನ್ನು ವಿಚಾರಿಸದೆ ಸಾಲ ಮಾಡಲು ಹೋಗಬಾರದು. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ರೇಷನ್ ಕಾರ್ಡ್ ಮತ್ತು ಆಧಾರ್ ಹಿಡಿದು, ಯಾವ ಆಸ್ಪತ್ರೆಯಲ್ಲಿ ಯಾವ ನಿಯಮದಡಿ ಈ ಚಿಕಿತ್ಸೆ ಸಿಗುತ್ತದೆ ಎಂದು ಆರೋಗ್ಯಮಿತ್ರರನ್ನು ಕೇಳಿ. ಹಾಸನದಲ್ಲಿ 2006ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ಇದೆ. ಬೆಂಗಳೂರಿನ ಜಯನಗರದಲ್ಲಿ ಮೂಳೆ ಚಿಕಿತ್ಸೆಗೆಂದೇ ಸರ್ಕಾರದ ಸಂಜಯ್ ಗಾಂಧಿ ಆಸ್ಪತ್ರೆ ಇದೆ. ಅಲ್ಲಿ ವಿಚಾರಿಸುವುದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಚೇತರಿಕೆಯ ಸಿದ್ಧತೆ ಶಸ್ತ್ರಚಿಕಿತ್ಸೆಗೆ ಮೊದಲೇ ಶುರುವಾಗಬೇಕು. ಸಕ್ಕರೆ ಕಾಯಿಲೆ ಇದ್ದವರು ಸಕ್ಕರೆಯನ್ನು ಹತೋಟಿಗೆ ತರಬೇಕು. ಇಲ್ಲದಿದ್ದರೆ ಗಾಯಕ್ಕೆ ಸೋಂಕು ತಗಲುವ ಅಪಾಯ ಹೆಚ್ಚು. ಹುಳುಕು ಹಲ್ಲು, ಕಾಲಿನ ಹುಣ್ಣು, ಮೂತ್ರದ ಸೋಂಕು ಇದ್ದರೆ ಮೊದಲೇ ವೈದ್ಯರಿಗೆ ಹೇಳಿ ವಾಸಿ ಮಾಡಿಸಿಕೊಳ್ಳಬೇಕು. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಮುಂಚಿತವಾಗಿಯೇ ಕಲಿಯಬೇಕು. ಮನೆಯಲ್ಲಿ ಜಾರುವ ಜಮಖಾನ, ಕಾಲಿಗೆ ತೊಡರುವ ವೈರು ತೆಗೆಯಬೇಕು. ನೆಲದ ಹಾಸಿಗೆಯ ಬದಲು ಮಂಚ ಬೇಕು. ಕೈಯಿರುವ ಗಟ್ಟಿ ಕುರ್ಚಿ ಬೇಕು. ಕುಕ್ಕರುಗಾಲಿನ ಪಾಯಿಖಾನೆ ಮಾತ್ರ ಇರುವ ಮನೆಗೆ ಕಮೋಡ್ ಕುರ್ಚಿ ತರಬೇಕು. ಬಚ್ಚಲಿನ ಗೋಡೆಗೆ ಒಂದು ಹಿಡಿ ಹಾಕಿಸಬೇಕು. ಬಚ್ಚಲಲ್ಲಿ ಜಾರಿ ಬಿದ್ದರೆ ಎಷ್ಟು ಲಕ್ಷದ ಚಿಕಿತ್ಸೆಯಾದರೂ ನೀರುಪಾಲು.

ಶಸ್ತ್ರಚಿಕಿತ್ಸೆಯಾದ ದಿನ ಅಥವಾ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಇದನ್ನು ಕಂಡು ಮನೆಯವರು ಗಾಬರಿಯಾಗಬಾರದು. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಅದಕ್ಕಾಗಿಯೇ ರಕ್ತ ತೆಳುವಾಗಿಸುವ ಔಷಧಿ ಕೊಡುತ್ತಾರೆ, ಪಾದವನ್ನು ಮೇಲೆ ಕೆಳಗೆ ಆಡಿಸಲು ಹೇಳುತ್ತಾರೆ. ಎಚ್ಚರವಾಗಿರುವಾಗ ಗಂಟೆಗೊಮ್ಮೆ ಹತ್ತಿಪ್ಪತ್ತು ಸಲ ಪಾದ ಆಡಿಸುವುದು ಕಷ್ಟದ ಕೆಲಸವಲ್ಲ, ನೆನಪಿಸುವವರು ಒಬ್ಬರಿರಬೇಕು.

ಮನೆಗೆ ಬಂದ ಮೇಲೆ ಮಾಡಬೇಕಾದ ವ್ಯಾಯಾಮಗಳಲ್ಲಿ ಮೂರು ಮುಖ್ಯ. ಒಂದು, ಕಾಲನ್ನು ಪೂರ್ತಿ ನೇರ ಮಾಡುವುದು. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ತೊಡೆಯನ್ನು ಬಿಗಿ ಮಾಡಿ, ಮಂಡಿಯನ್ನು ಹಾಸಿಗೆಯತ್ತ ಒತ್ತಿ ಐದಾರು ಎಣಿಸಬೇಕು. ಎರಡು, ನೇರವಾದ ಕಾಲನ್ನು ಹಾಸಿಗೆಯಿಂದ ಒಂದು ಗೇಣು ಎತ್ತಿ ಹಿಡಿಯುವುದು. ಮೂರು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮಂಡಿ ಮಡಚುವುದು. ಎಷ್ಟು ಸಲ ಎಂಬುದನ್ನು ಫಿಸಿಯೋಥೆರಪಿ ಮಾಡಿಸುವವರು ಹೇಳಿದಂತೆ ಮಾಡಿ. ನೋವಿನ ಮಾತ್ರೆಯನ್ನು ವೈದ್ಯರು ಹೇಳಿದಷ್ಟೇ, ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ ಅನುಕೂಲ. ವ್ಯಾಯಾಮ ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ನಿಮಿಷ ಇಡಬೇಕು.

ಒಂದು ಎಚ್ಚರಿಕೆ. ಮಂಡಿಯ ಕೆಳಗೆ ದಿಂಬು ಇಟ್ಟರೆ ಹಾಯೆನಿಸುತ್ತದೆ. ಪ್ರೀತಿಯಿಂದ ಮಕ್ಕಳು ಇಡುತ್ತಾರೆ. ಆದರೆ ಮಂಡಿ ಹಾಗೆಯೇ ಬಾಗಿದ ಸ್ಥಿತಿಯಲ್ಲಿ ಬಿಗಿದುಕೊಂಡರೆ ಮುಂದೆ ಕಾಲು ನೇರವಾಗುವುದಿಲ್ಲ, ನಡಿಗೆ ಕುಂಟಾಗುತ್ತದೆ. ದಿಂಬು ಇಡುವುದಾದರೆ ಹಿಮ್ಮಡಿಯ ಕಡೆ ಇಡಬೇಕು.

ವಿದ್ಯಾರ್ಥಿಗಳೇ, ನಿಮ್ಮ ಜಾಮಿಟ್ರಿ ಪೆಟ್ಟಿಗೆಯ ಕೋನಮಾಪಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಮತಟ್ಟು ನೆಲದಲ್ಲಿ ನಡೆಯಲು ಮಂಡಿ ಸುಮಾರು 65ರಿಂದ 70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲು ಹತ್ತಿ ಇಳಿಯಲು ಸುಮಾರು 90 ಡಿಗ್ರಿ ಬೇಕು. ಕುರ್ಚಿಯಿಂದ ಸಲೀಸಾಗಿ ಏಳಲು ಇನ್ನೂ ಸ್ವಲ್ಪ ಹೆಚ್ಚು ಬೇಕು. ಮೊದಲ ಎರಡು ಮೂರು ವಾರಗಳಲ್ಲಿ 90 ಡಿಗ್ರಿ ಮುಟ್ಟುವುದು, ಮೂರು ತಿಂಗಳ ಹೊತ್ತಿಗೆ 110ರ ಆಸುಪಾಸು ತಲಪುವುದು ಸಾಮಾನ್ಯ ಗುರಿ. ಶಸ್ತ್ರಚಿಕಿತ್ಸೆಗೆ ಮೊದಲೇ ಮಂಡಿ ಬಿಗಿದಿದ್ದವರಿಗೆ ಇದು ಕಡಿಮೆ ಇರಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ವಾರಕ್ಕೊಮ್ಮೆ ಅಳತೆ ಬರೆದಿಡಿ. ಅಂಕಿ ಏರುವುದನ್ನು ಕಂಡರೆ ನೋವಿನಲ್ಲಿರುವವರಿಗೆ ಧೈರ್ಯ ಬರುತ್ತದೆ.

ನಮ್ಮ ಮನೆಗಳಲ್ಲಿ ಎರಡು ಬಗೆಯ ತೊಂದರೆಯನ್ನು ನಾನು ಕಂಡಿದ್ದೇನೆ. ನಮ್ಮ ಬೀದಿಯಲ್ಲೇ ಒಬ್ಬ ತಾಯಿ. ಹೆಸರು ಬೇಡ. ಮೂವರು ಗಂಡುಮಕ್ಕಳು, ಮೂವರೂ ತಾಯಿಯನ್ನು ಕಣ್ಣಲ್ಲಿಟ್ಟು ನೋಡಿಕೊಳ್ಳುವವರು. ಸಾಲ ಮಾಡಿ ಶಸ್ತ್ರಚಿಕಿತ್ಸೆ ಮಾಡಿಸಿದರು. ಮನೆಗೆ ತಂದ ಮೇಲೆ "ಅಮ್ಮಿ, ನೀವು ಏಳಬೇಡಿ" ಎಂದರು. ಊಟ, ನೀರು ಎಲ್ಲ ಮಂಚಕ್ಕೇ ಬಂತು. ವ್ಯಾಯಾಮ ಮಾಡಿಸಲು ಹೋದರೆ ಆ ತಾಯಿ ನೋವಿನಿಂದ ಕೂಗುತ್ತಿದ್ದರು, ಮಕ್ಕಳು ಕಣ್ಣೀರು ಹಾಕಿ ನಿಲ್ಲಿಸಿಬಿಡುತ್ತಿದ್ದರು. ಎರಡು ತಿಂಗಳಲ್ಲಿ ಮಂಡಿ ಮರದ ತುಂಡಿನಂತೆ ಬಿಗಿಯಿತು. ಮತ್ತೆ ಆಸ್ಪತ್ರೆಗೆ ಹೋಗಿ ಅರಿವಳಿಕೆ ಕೊಟ್ಟು ಮಡಚಿಸಬೇಕಾಯಿತು. ಆ ಮಕ್ಕಳ ಪ್ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಈ ನೋವು ಗುಣವಾಗುವ ದಾರಿಯದೇ ನೋವು ಎಂದು ಅವರಿಗೆ ಬಿಡಿಸಿ ಹೇಳುವವರು ಇರಲಿಲ್ಲ.

ಇನ್ನೊಂದು ಬಗೆ ಇದರ ತಿರುಗುಮುರುಗು. ಹದಿನೈದನೆಯ ದಿನ ಹೊಲಿಗೆ ಬಿಚ್ಚಿದರು ಎಂದರೆ ವಾಸಿಯಾಯಿತು ಎಂದೇ ಲೆಕ್ಕ. ಮೂರನೆಯ ವಾರಕ್ಕೆ ಆಕೆ ಒಲೆಯ ಮುಂದೆ. ಹತ್ತು ಜನರ ರೊಟ್ಟಿ, ಬಂದುಹೋಗುವವರ ಚಹಾ. ಗಂಟೆಗಟ್ಟಲೆ ನಿಂತರೆ ಮಂಡಿ ಊದಿಕೊಳ್ಳುತ್ತದೆ, ಊದಿದ ಮಂಡಿ ಮಡಚುವುದಿಲ್ಲ. ಮೊದಲ ಆರು ವಾರ ಅಡುಗೆಮನೆಯ ಭಾರವನ್ನು ಮನೆಯ ಉಳಿದವರು ಹೊರಬೇಕು. ಗಂಡುಮಕ್ಕಳೂ ಹೊರಬೇಕು ಎಂದು ಸ್ಪಷ್ಟವಾಗಿಯೇ ಹೇಳುತ್ತೇನೆ. ಸರಿಯಾದ ದಾರಿ ಇವೆರಡರ ನಡುವೆ ಇದೆ: ಸ್ವಲ್ಪ ಸ್ವಲ್ಪವೇ, ಆದರೆ ದಿನಕ್ಕೆ ಹಲವು ಸಲ ನಡೆಯುವುದು, ನಡುನಡುವೆ ಕಾಲು ಮೇಲಿಟ್ಟು ವಿಶ್ರಾಂತಿ.

ವಾಕರ್‌ನಿಂದ ಊರುಗೋಲಿಗೆ ಬಂದಾಗ ಕೋಲನ್ನು ಶಸ್ತ್ರಚಿಕಿತ್ಸೆಯಾದ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಬಹಳ ಮಂದಿ ಇದನ್ನು ತಿರುವುಮುರುವು ಮಾಡುತ್ತಾರೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು. ಬಸ್ಸಿಗೂ ಇದೇ ನಿಯಮ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚಿಲ್ಲ, ನಿಜ. ಆದರೆ ಬಸ್ಸಿನ ಮೊದಲ ಮೆಟ್ಟಿಲು ಎತ್ತರ. ಜೊತೆಗೆ ಒಬ್ಬರು ಹೋಗಲೇಬೇಕು.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಹಾಸನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ದೂರ. ಹಳ್ಳಿಗಳಿಂದ ಇನ್ನೂ ಹೆಚ್ಚು. ದಿನವೂ ಫಿಸಿಯೋಥೆರಪಿಗೆ ಹೋಗಿಬರಲು ಎಲ್ಲರಿಗೂ ಆಗದು. ಅದಕ್ಕೊಂದು ಉಪಾಯವಿದೆ. ಆಸ್ಪತ್ರೆಯಲ್ಲಿ ಇರುವಾಗಲೇ ಮನೆಯ ವಿದ್ಯಾರ್ಥಿಯೊಬ್ಬರು ಜೊತೆಗಿದ್ದು, ವ್ಯಾಯಾಮ ಕಲಿಸುವವರ ಅನುಮತಿ ಪಡೆದು ಪ್ರತಿಯೊಂದನ್ನೂ ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಲಿ. ಕನ್ನಡದಲ್ಲೋ ಉರ್ದುವಿನಲ್ಲೋ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಲಿ. ಬೆಳಿಗ್ಗೆ ಕಾಲೇಜಿಗೆ ಹೋಗುವ ಮೊದಲು ಇಪ್ಪತ್ತು ನಿಮಿಷ, ಸಂಜೆ ಬಂದ ಮೇಲೆ ಇಪ್ಪತ್ತು ನಿಮಿಷ ಪಕ್ಕದಲ್ಲಿ ಕುಳಿತು ಎಣಿಸಲಿ. ನನ್ನ ಎರಡೂ ಮಂಡಿಗೆ ಎಣಿಸಿದವಳು ಒಂಬತ್ತನೆಯ ತರಗತಿಯಲ್ಲಿದ್ದ ನನ್ನ ಮೊಮ್ಮಗಳು. ನಾನು ಹತ್ತರಲ್ಲಿ ಒಂದು ತಪ್ಪಿಸಿದರೂ ಅವಳು ಬಿಡುತ್ತಿರಲಿಲ್ಲ.

ಮನಸ್ಸಿನ ಮಾತನ್ನೂ ಹೇಳಬೇಕು. ಎರಡನೆಯ, ಮೂರನೆಯ ವಾರ ಬಹಳ ಕಷ್ಟ. ರಾತ್ರಿ ನಿದ್ದೆ ಬರುವುದಿಲ್ಲ. ಯಾಕಾದರೂ ಮಾಡಿಸಿಕೊಂಡೆನೋ ಎಂದು ಅಳು ಬರುತ್ತದೆ. ಇದು ಬಹಳ ಜನರಿಗೆ ಆಗುವಂಥದ್ದು, ಕಳೆದುಹೋಗುವಂಥದ್ದು. ಮಂಡಿ ಬೆಚ್ಚಗಿರುವುದು, ಸಂಜೆಗೆ ಊದುವುದು ಮೂರರಿಂದ ಆರು ತಿಂಗಳವರೆಗೂ ಇರಬಹುದು. ಗಾಯದ ಹೊರಬದಿಯಲ್ಲಿ ಚರ್ಮ ಜೋಮು ಹಿಡಿದಂತಿರುತ್ತದೆ. ಒಳಗಿನಿಂದ ಟಿಕ್ ಟಿಕ್ ಸದ್ದು ಬರುತ್ತದೆ. ಇವಕ್ಕೆ ಹೆದರಬೇಕಾಗಿಲ್ಲ.

ಹೆದರಬೇಕಾದ ಲಕ್ಷಣಗಳು ಬೇರೆ. ಮೀನಖಂಡ ಊದಿ ನೋಯುವುದು, ಎದೆನೋವು, ಏದುಸಿರು, ಗಾಯದಿಂದ ಕೀವು ಅಥವಾ ನೀರು ಸೋರುವುದು, ಚಳಿಜ್ವರ, ದಿನದಿಂದ ದಿನಕ್ಕೆ ಹೆಚ್ಚುವ ಕೆಂಪು. ಎದೆನೋವು ಮತ್ತು ಏದುಸಿರಿಗೆ ಒಂದು ಗಳಿಗೆಯೂ ಕಾಯದೆ 108 ಕರೆಯಿರಿ. ಉಳಿದವಕ್ಕೆ ಅದೇ ದಿನ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ ತೋರಿಸಿ. ಮೆಡಿಕಲ್ ಅಂಗಡಿಯಲ್ಲಿ ಆಂಟಿಬಯಾಟಿಕ್ ಕೇಳಿ ನುಂಗುವುದು, ಎಣ್ಣೆ ಹಾಕಿ ತಿಕ್ಕಿಸುವುದು, ಬಿಸಿ ಇಟ್ಟಿಗೆಯ ಶಾಖ ಕೊಡುವುದು ಬೇಡವೇ ಬೇಡ.

ನಮಾಜಿನ ಬಗ್ಗೆ ತಾಯಂದಿರು ತಪ್ಪದೆ ಕೇಳುತ್ತಾರೆ. ಎಷ್ಟೋ ಜನ ಈ ಒಂದೇ ಚಿಂತೆಯಿಂದ ಶಸ್ತ್ರಚಿಕಿತ್ಸೆಯನ್ನು ವರ್ಷಗಟ್ಟಲೆ ಮುಂದೂಡಿದ್ದಾರೆ. ಹೊಸ ಮಂಡಿಯ ಮೇಲೆ ಊರಿ ಕೂರುವುದು, ಚಕ್ಕಂಬಕ್ಕಳ ಹಾಕುವುದು, ಕುಕ್ಕರುಗಾಲು ಇವನ್ನು ನಮ್ಮಲ್ಲಿ ಬಹುತೇಕ ವೈದ್ಯರು ಬೇಡವೆನ್ನುತ್ತಾರೆ. ಆಗದವರಿಗೆ ಕುಳಿತು ನಮಾಜು ಮಾಡುವ ಅವಕಾಶ ಧರ್ಮದಲ್ಲೇ ಇದೆ. ಗಾಯಕ್ಕೆ ಪಟ್ಟಿ ಇರುವಾಗ ವುಜೂ ಹೇಗೆ ಎಂಬುದನ್ನು ನಿಮ್ಮ ಮೌಲವಿಯವರಲ್ಲಿ ಕೇಳಿ ತಿಳಿಯಿರಿ. ಊಟದ ದಸ್ತರ್‌ಖಾನ್ ಹಾಸಿದಾಗ ಅಜ್ಜಿಯೊಬ್ಬರನ್ನೇ ಕುರ್ಚಿಯಲ್ಲಿ ಬೇರೆ ಕೂರಿಸುವ ಬದಲು, ಒಂದಿಬ್ಬರು ಅವರ ಜೊತೆ ಮೇಜಿನಲ್ಲಿ ಉಣ್ಣಿ. ಒಂಟಿತನ ಮಂಡಿ ನೋವಿಗಿಂತ ದೊಡ್ಡ ನೋವು.

ಈ ಮಂಡಿ ಎಷ್ಟು ವರ್ಷ ಬಾಳುತ್ತದೆ? 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವು, ವಿದೇಶಗಳ ದೊಡ್ಡ ದಾಖಲೆಗಳನ್ನು ಪರಿಶೀಲಿಸಿ, ಪೂರ್ತಿ ಬದಲಿಸಿದ ಮಂಡಿಗಳಲ್ಲಿ ಸುಮಾರು ಶೇಕಡ 82ರಷ್ಟು 25 ವರ್ಷ ಬಾಳುತ್ತವೆ ಎಂದು ಅಂದಾಜು ಮಾಡಿತು. ಅರವತ್ತೈದರ ವಯಸ್ಸಿನಲ್ಲಿ ಮಾಡಿಸಿಕೊಂಡವರಿಗೆ ಅದು ಬಹುತೇಕ ಜೀವಮಾನದ ಲೆಕ್ಕ. ಹೊಸ ಮಂಡಿ ಬಂತೆಂದು ಶ್ರವಣಬೆಳಗೊಳದ ಬೆಟ್ಟದ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಓಡಿ ಹತ್ತಬೇಕಾಗಿಲ್ಲ. ಸಂತೆಗೆ ಹೋಗಿ ಬರಬೇಕು, ಮಗಳ ಮನೆಗೆ ಒಬ್ಬರೇ ಹೋಗಬೇಕು, ರಾತ್ರಿ ನೋವಿಲ್ಲದೆ ನಿದ್ದೆ ಮಾಡಬೇಕು. ಅಷ್ಟು ಸಿಕ್ಕರೆ ಗೆದ್ದಂತೆ.

ಕೊನೆಯದಾಗಿ ಸಂಘಕ್ಕೆ ಒಂದು ಕೋರಿಕೆ. ವಾಕರ್ ಬೇಕಾಗುವುದು ಮೂರು ನಾಲ್ಕು ವಾರ. ಕಮೋಡ್ ಕುರ್ಚಿ ಬೇಕಾಗುವುದು ಒಂದೆರಡು ತಿಂಗಳು. ಆಮೇಲೆ ಅವು ಅಟ್ಟ ಸೇರುತ್ತವೆ. ಪಕ್ಕದ ಬೀದಿಯಲ್ಲಿ ಇನ್ನೊಬ್ಬರು ಅದೇ ವಸ್ತುವಿಗೆ ಹಣವಿಲ್ಲದೆ ಗೋಡೆ ಹಿಡಿದು ನಡೆಯುತ್ತಿರುತ್ತಾರೆ. ನಾಲ್ಕೂ ಊರುಗಳಲ್ಲಿ ಸಂಘದ ವತಿಯಿಂದ ಒಂದೊಂದು ಕಡೆ ಇವನ್ನು ಸಂಗ್ರಹಿಸಿ, ಜಾತಿ ಮತ ನೋಡದೆ ಬೇಕಾದವರಿಗೆ ಎರವಲು ಕೊಡುವ ವ್ಯವಸ್ಥೆ ಮಾಡಿರಿ. ಪುಸ್ತಕ ಭಂಡಾರದಂತೆಯೇ ಒಂದು ರಿಜಿಸ್ಟರ್ ಸಾಕು. ನನ್ನ ಎರಡು ಊರುಗೋಲು, ಒಂದು ವಾಕರ್, ಒಂದು ಕಮೋಡ್ ಕುರ್ಚಿಯನ್ನು ಇಂದೇ ಕಚೇರಿಗೆ ಒಪ್ಪಿಸಿದ್ದೇನೆ.

ವಿದ್ಯಾರ್ಥಿಗಳೇ, ಆ ರಿಜಿಸ್ಟರ್ ಬರೆಯುವ ಕೆಲಸ ನಿಮ್ಮದಾಗಲಿ. ಜೊತೆಗೆ, ಎರವಲು ಕೇಳಲು ಬಂದವರ ಕೈಯಲ್ಲಿ ಇಂಗ್ಲಿಷ್ ಹಾಳೆ ಕಂಡರೆ ಕೂರಿಸಿ ಓದಿ ಹೇಳಿ.